ನೆಲಕ್ಕಿಡದ ಉಡಿ

ಆ ದಿನ ನಾನು ಎಂದಿಗಿಂತ ಬೇಗ ಎದ್ದಿದ್ದೆ. ಎಳ್ಳಮಾವಾಸ್ಯೆ. ಗೇಟಿಗೆ ಕಟ್ಟಿದ ಚೀಲದಲ್ಲಿದ್ದ ಹಾಲಿನ ಪಾಕೀಟು ಮುಟ್ಟಿದರೆ ಬೆರಳು ಜುಮ್ಮೆನ್ನುವಷ್ಟು ತಣ್ಣಗಿತ್ತು. ಅಂಗಳಕ್ಕೆ ನೀರು ಹೊಡೆದು, ಸಣ್ಣದೊಂದು ರಂಗೋಲಿ ಎಳೆದು, ಒಂದು ಒಲೆಯ ಮೇಲೆ ಚಹಾಕ್ಕಿಟ್ಟೆ. ಇನ್ನೊಂದರ ಮೇಲೆ ಹೋಳಿಗೆಯ ಹೂರಣಕ್ಕೆಂದು ಎಳ್ಳು ಹುರಿಯತೊಡಗಿದೆ. ಎಳ್ಳು ಚಟಪಟ ಎನ್ನುವಾಗ ಏಳುವ ಆ ಘಮ ಈಗ ನನಗೆ ಬೇಡವಾಗಿದೆ. ಅದು ಮೂಗಿಗೆ ಬಡಿದರೆ ಸಾಕು, ಎರಡೂ ಕೈ ತಾವಾಗಿಯೇ ಸೆರಗಿನ ತುದಿ ಹಿಡಿದುಕೊಳ್ಳುತ್ತವೆ, ಅದರೊಳಗೆ ಏನೋ ಭಾರ ಇದ್ದ ಹಾಗೆ. ಆದರೆ ಅಂದು ಭಾರ ಹಿಡಿದವಳು ನಾನಲ್ಲ. ರತ್ನಾ.

ಪಕ್ಕದ ಮನೆಯ ಸುಶೀಲಾಬಾಯಿ ಕಂಪೌಂಡಿನ ಗೋಡೆಗೆ ಗದ್ದ ಊರಿ ನಿಂತರು. "ಸುಮಾ, ಒಂದ್ ಬಟ್ಟಲ ಎಳ್ಳ ಇದ್ರ ಕೊಡವಾ. ಅರಕೇರಿಗೆ ತಂಗಿ ಮನಿಗೆ ಹೊಂಟೀನಿ, ನಮ್ಮ ಡಬ್ಬಿ ನೋಡಿದ್ರ ಬರೇ ತಳ."

ಕೊಟ್ಟೆ. ಮೇಲಿನ ಕೋಣೆಯ ಮುಚ್ಚಿದ ಕಿಟಕಿ ನೋಡಿ, "ಅಕ್ಕ ಎದ್ದಿಲ್ಲೇನ? ಮಲಕೊಳ್ಳಿ ಬಿಡು, ಇಂಗ್ಲೆಂಡಿನಾಗ ಇನ್ನೂ ನಡುರಾತ್ರಿ," ಎಂದು ತಾವೇ ನಕ್ಕರು. ಅಕ್ಕ ಬಂದು ಹದಿನೈದು ದಿನ ಆಗಿತ್ತು. ಆದರೂ ಸುಶೀಲಾಬಾಯಿ ದಿನಾ ಬೆಳಿಗ್ಗೆ ಅದೇ ಮಾತು ಆಡಿ ಅಷ್ಟೇ ನಗುತ್ತಿದ್ದರು.

ನನ್ನ ಅಕ್ಕ ಶೈಲಾ ಮತ್ತು ಆಕೆಯ ಗಂಡ ಮಲ್ಲಿಕಾರ್ಜುನ ಮಾಮಾ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ನೆಲೆಸಿ ಬಹಳ ವರ್ಷಗಳಾದವು. ಅಲ್ಲಿ ಅವರದು ವೃದ್ಧರನ್ನು ನೋಡಿಕೊಳ್ಳುವ ಮನೆ. ಮಕ್ಕಳು ನೋಡಿಕೊಳ್ಳಲಾಗದ ಬಿಳಿಯ ಮುದುಕ ಮುದುಕಿಯರು ಅಲ್ಲಿರುತ್ತಾರೆ. ಅವರಿಗೆ ಸ್ನಾನ ಮಾಡಿಸಲು, ಉಣಿಸಲು, ಹಾಸಿಗೆ ಬದಲಿಸಲು ಹುಡುಗಿಯರು ಬೇಕು. ಅಂಥ ಹುಡುಗಿಯರನ್ನು ಅಕ್ಕ ಮಾಮಾ ಇಲ್ಲಿಂದ ಕರೆಸಿಕೊಳ್ಳುತ್ತಾರೆ. ಅವರಿಗೆ ಸಿಗುವುದು ತಾತ್ಕಾಲಿಕ ವೀಸಾ. ಕರೆಸಿದ ಮನೆಯಲ್ಲಿ ಕೆಲಸ ಇರುವವರೆಗೆ ಅದಕ್ಕೆ ಜೀವ, ಕೆಲಸ ಹೋದರೆ ಅದೂ ಹೋಯಿತು. ಕೆಲವು ವರ್ಷ ಹಾಗೆ ತಪ್ಪದೆ ದುಡಿದರೆ ಯಾರ ಹಂಗೂ ಇಲ್ಲದೆ ಆ ದೇಶದಲ್ಲಿ ಇರಬಹುದು, ಮಕ್ಕಳನ್ನೂ ಕರೆಸಿಕೊಳ್ಳಬಹುದು.

ರತ್ನಾಳದು ಬಬಲೇಶ್ವರದ ಹತ್ತಿರದ ಜೈನಾಪುರ. ನರ್ಸಿಂಗ್ ಓದಿದವಳು. ನಮ್ಮ ಅತ್ತೆ ಇಲ್ಲಿ ವಿಜಯಪುರದ ಆಸ್ಪತ್ರೆಯಲ್ಲಿದ್ದಾಗ ಅವರ ಉಗುರು ಕತ್ತರಿಸುವ ಮುಂಚೆ ತನ್ನ ಅಂಗೈಯಲ್ಲಿ ಅವರ ಬೆರಳು ಬೆಚ್ಚಗೆ ಮಾಡುತ್ತಿದ್ದಳು. ಅಕ್ಕನ ಕಿವಿಗೆ ಆಕೆಯ ಹೆಸರು ಹಾಕಿದವಳು ನಾನೇ. ಗಂಡ, ಅತ್ತೆ, ಆಗಿನ್ನೂ ಮಾತು ಕಲಿಯುತ್ತಿದ್ದ ಮಗಳು ಗೌರಿ, ಎಲ್ಲರನ್ನೂ ಬಿಟ್ಟು ಹೋದಳು. ಈಗ ಆ ಮಗಳು ಸಾಲಿಗೆ ಹೋಗುತ್ತಾಳೆ. ಆ ದುಡಿಮೆಯ ವರ್ಷಗಳು ತುಂಬಲು ತಾಯಿಗೆ ಇನ್ನೊಂದೇ ಒಂದು ಚಳಿಗಾಲ ಬಾಕಿ ಇತ್ತು.

ಆ ವರ್ಷ ದೀಪಾವಳಿ ಮುಗಿದಾಗಿನಿಂದ ಗೌರಿ ಭಾನುವಾರ ಭಾನುವಾರ ನಮ್ಮ ಮನೆಗೆ ಇಂಗ್ಲಿಷ್ ಕಲಿಯಲು ಬರುತ್ತಿದ್ದಳು. ಅಜ್ಜಿ ಜೈನಾಪುರದಿಂದ ಬಸ್ಸಿನಲ್ಲಿ ಕರೆತಂದು, ನಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಎಲೆ ಅಡಿಕೆ ಹಾಕಿಕೊಂಡು ಕಾಯುತ್ತಿದ್ದರು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಕಲಿಸಿದಂತೆ ನಾನು ಆಕೆಗೆ ಕೈಕಟ್ಟಿ ನಿಂತು ಮಾತಾಡಲು ಕಲಿಸಿದೆ. ಮಂಜು ಬೀಳುವುದರ ಬಗ್ಗೆ ಆಕೆಗೆ ವಿಪರೀತ ಹುಚ್ಚು. "ಟೀಚರ್, ಅದು ಮೈಮ್ಯಾಲೆ ಬಿದ್ರ ಬಡಿತದೇನ್ರಿ, ಆಣೆಕಲ್ಲಿನ ಗತೆ?" ಇಲ್ಲ ಎಂದೆ. "ಮತ್ತ ಯಾಕ ಎಲ್ಲಾರೂ ದೊಡ್ಡ ಅಂಗಿ ಹಾಕ್ಕೊಂಡಿರ್ತಾರ?" ಅಜ್ಜಿ ಕಟ್ಟೆಯಿಂದಲೇ, "ಟೀಚರ್ ತಲಿ ತಿನಬ್ಯಾಡ ಬೇ," ಎನ್ನುತ್ತಿದ್ದರು. ತಾಯಿ ಫೋನ್ ಮಾಡಿದಾಗ ಗೌರಿ ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸುವಳು. ಆ ಕಡೆ ರತ್ನಾ ಕೇಳುತ್ತಿದ್ದಳು. ಆಕೆಯ ಹಿಂದೆ ಯಾರೋ ಮುದುಕ ಕೆಮ್ಮುವುದು ಮಾತ್ರ ಕೇಳಿಸುತ್ತಿತ್ತು.

ಚಳಿ ಬಿದ್ದ ಮೇಲೆ ಅಕ್ಕನ ಫೋನ್ ಬಂತು. ಈ ಸಲ ಎಳ್ಳಮಾವಾಸ್ಯೆಗೆ ಬರುತ್ತೇವೆ, ರತ್ನಾಳನ್ನೂ ಕರೆತರುತ್ತೇವೆ. "ಆಕಿ ಖರ್ಚು ನಮ್ಮದ. ಹೋಗೂ ಟಿಕೆಟೂ ನನ್ನ ಕಡೇನ ಇರ್ತದ. ಮನಿ ಮಗಳಿದ್ದಂಗ ಇದ್ದಾಳ, ಒಮ್ಮೆ ಮಗಳ ಮಾರಿ ನೋಡಿ ಬರ್ಲಿ." ಅಂದು ನನಗೆ ಅಕ್ಕನ ಮೇಲೆ ಎಷ್ಟು ಅಭಿಮಾನ ಉಕ್ಕಿತೆಂದರೆ ಫೋನ್ ಇಟ್ಟ ಕೂಡಲೇ ಇವರಿಗೆ ಹೇಳಿದೆ. ಇವರು ಪೇಪರಿನಿಂದ ತಲೆ ಎತ್ತದೆ, "ಶೈಲಾ ಮೊದಲಿಂದೂ ದೊಡ್ಡ ಮನಸಿನಾಕಿ," ಎಂದರು.

ಬಂದ ದಿನವೇ ರತ್ನಾ ನನ್ನ ಅಡುಗೆಮನೆಯಲ್ಲಿ ನೆಲಕ್ಕೆ ಕೂತು ಎಲ್ಲಾ ಹೇಳಿದಳು. ತೆಳ್ಳಗಾಗಿದ್ದಳು. ಕಣ್ಣ ಕೆಳಗೆ ನೀಲಿ. ಬಲಗೈ ಬೆರಳುಗಳ ತುದಿ ಮಾತ್ರ ಹಂಚಿನ ಬಿಸಿಗೆ ಗಟ್ಟಿಯಾಗಿ ಹೊಳೆಯುತ್ತಿದ್ದವು. ಅಲ್ಲಿ ನಮ್ಮ ಕಡೆಯವರ ಒಂದು ಬಳಗವಿದೆ, ವರ್ಷಗಳಿಂದ ನೆಲೆಸಿದ ಮನೆಗಳು, ಅದರಲ್ಲಿ ಅಕ್ಕನಂತೆ ವೃದ್ಧರ ಮನೆ ನಡೆಸುವವರೇ ಹೆಚ್ಚು. ರತ್ನಾ ಹೋದ ಹೊಸದರಲ್ಲಿ ಬಳಗದವರೆಲ್ಲ ಕೂಡಿ ಕೋಟು ಕೊಟ್ಟರಂತೆ, ಕುಕ್ಕರ್ ಕೊಟ್ಟರಂತೆ, ಯುಗಾದಿಗೆ ವೇದಿಕೆಗೆ ಕರೆದು ಶಾಲು ಹೊದಿಸಿದರಂತೆ. ಆಮೇಲೆ ಭಾನುವಾರಕ್ಕೊಂದು ಮನೆಯವರು ರೊಟ್ಟಿಗೆ ಕರೆಯತೊಡಗಿದರು.

"ಹೋಗೂ ಮುಂದ ಮುದುಕರ ಸೇವಾ ಮಾಡೂದೈತಿ ಅಂದಿದ್ರು," ಎಂದು ರತ್ನಾ ನಕ್ಕಳು. "ಮುದುಕರ ಬೆನ್ನು ತಟ್ಟಿದ್ದಕಿಂತ ರೊಟ್ಟಿ ತಟ್ಟಿದ್ದ ಹೆಚ್ಚು ನೋಡ್ರಿ ವೈನಿ. ವಾರೆಲ್ಲ ನರ್ಸು, ಐತವಾರ ಅಡಗಿಯಾಕಿ."

"ಒಲ್ಲೆ ಅನ್ನಬೇಕಿಲ್ಲೋ?"

"ಮನಿ ಮಗಳು ಅಂದಮ್ಯಾಲೆ ಹೆಂಗ ಒಲ್ಲೆ ಅನ್ನೂದ್ರಿ?"

ಆಮೇಲೆ ಲಿಸ್ಸಿಯ ವಿಷಯ ಹೇಳಿದಳು. ಲಿಸ್ಸಿ ಕೇರಳದ ಹುಡುಗಿ, ಅಕ್ಕನ ಮನೆಯಲ್ಲೇ ಕೆಲಸ, ರತ್ನಾಳ ಕೋಣೆಯಲ್ಲೇ ವಾಸ. ಮಳೆಗಾಲದಲ್ಲಿ ಒಬ್ಬ ದಪ್ಪ ಮುದುಕನನ್ನು ಎತ್ತಿ ಕೂರಿಸುವಾಗ ಆಕೆಯ ಸೊಂಟ ಹಿಡಿಯಿತು. ಏಳಲು ಬರದು. ರಜೆ ಕೇಳಿದರೆ, ಡ್ಯೂಟಿಗೆ ಬಾ, ಇಲ್ಲವೇ ಊರಿಗೆ ಹೊರಡು ಎಂದರಂತೆ. ಮರುದಿನ ಬೆಳಿಗ್ಗೆ ರತ್ನಾ ಉಳಿದ ವೀಸಾ ಹುಡುಗಿಯರನ್ನೆಲ್ಲ ಕೂಡಿಸಿಕೊಂಡು, ಲಿಸ್ಸಿಗೆ ರಜೆ ಕೊಡುವವರೆಗೆ ನಾವೂ ಮುದುಕರಿರುವ ಮೇಲಿನ ಮಹಡಿ ಹತ್ತುವುದಿಲ್ಲ ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಚಹಾದ ಹೊತ್ತಿಗೆ ರಜೆ ಸಿಕ್ಕಿತು.

"ಅಕ್ಕ ಸಿಟ್ಟಾಗಲಿಲ್ಲೇನ?"

"ಇಲ್ರಿ! ಮರುದಿನ ಅಕ್ಕಾರ ನನಗ ಕರದು ಹೊಸಾ ಸ್ವೆಟರ್ ಕೊಟ್ರು. ನೀ ಧೈರ್ಯದಾಕಿ ಅಂದ್ರು. ಆಮ್ಯಾಲನ ಊರಿಗೆ ಕರ್ಕೊಂಡ ಹೋಗ್ತೀನಿ ಅಂದದ್ದು."

ನಾವಿಬ್ಬರೂ ಅದನ್ನು ಒಳ್ಳೆಯ ಮಾತೆಂದೇ ತಿಳಿದೆವು.

ಎಳ್ಳಮಾವಾಸ್ಯೆಯ ಆ ಬೆಳಿಗ್ಗೆ ರತ್ನಾ ಗೌರಿಯನ್ನು ಕರೆದುಕೊಂಡು ಮೊದಲ ಬಸ್ಸಿಗೇ ಬಂದಳು. ಅಂದು ಎಲ್ಲರೂ ತಂತಮ್ಮ ಹೊಲಕ್ಕೆ ಹೋಗಿ ಚರಗ ಚೆಲ್ಲುವ, ಪೈರಿಗೆ ಎಡೆ ಎರಚುವ ದಿನ. ಜೈನಾಪುರದಲ್ಲಿ ಆಕೆಯ ಗಂಡ, ಅತ್ತೆ ತಮ್ಮ ಹೊಲಕ್ಕೆ ಹೋಗುವವರಿದ್ದರು. ಎಷ್ಟೋ ವರ್ಷದ ಮೇಲೆ ಊರಿಗೆ ಬಂದ ಸೊಸೆ, ಆ ದಿನ ತನ್ನ ಹೊಲದಲ್ಲಿರಬೇಕಾಗಿತ್ತು. ಆದರೆ ಅಕ್ಕ, "ನಮ್ಮ ತಿಕೋಟಾ ಹೊಲಕ್ಕ ಬಾ. ನಮ್ಮ ಅತ್ತಿ ನಿನಗ ಉಡಿ ತುಂಬತಾರ," ಎಂದು ಹೇಳಿ ಕಳಿಸಿದ್ದಳು.

ಬಂದವಳೇ ಕೈಕಾಲು ತೊಳೆದು ಯಾರೂ ಹೇಳದೆ ಹಂಚಿನ ಮುಂದೆ ಕೂತಳು. ಸಜ್ಜೆ ಹಿಟ್ಟಿನ ಮುದ್ದೆಗೆ ಎಳ್ಳು ಒತ್ತಿ ಬಡಿಯುವಾಗ ಬಳೆಗಳ ಸದ್ದು ಒಂದೇ ತಾಳಕ್ಕೆ ಬರುತ್ತಿತ್ತು. ಅಕ್ಕ ಶಾಲು ಹೊದ್ದು ಕೆಳಗಿಳಿದು ಬಂದಳು, ಚಹಾದ ಕಪ್ಪು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಆತು ನಿಂತಳು.

"ನೋಡ್ ಲೇ ಸುಮಾ, ಹೆಂಗ ತಿರಗ್ತದ ಆಕಿ ಕೈಯಾಗ. ಅಲ್ಲಿ ನಮ್ಮ ಮಂದಿ ಇದರ ಸಲುವಾಗಿ ಜೀವಾ ಬಿಡ್ತಾರ," ಎಂದಳು. ರತ್ನಾ ನಾಚಿ ತಲೆ ತಗ್ಗಿಸಿದಳು. ಅಕ್ಕ ಇನ್ನೂ ಸ್ವಲ್ಪ ಹೊತ್ತು ಆ ಕೈಗಳನ್ನೇ ನೋಡುತ್ತ ನಿಂತಿದ್ದಳು. ನಂತರ ನಿಟ್ಟುಸಿರು ಬಿಟ್ಟು, "ಇರ್ಲಿ," ಎಂದು ತನಗೆ ತಾನೇ ಅಂದುಕೊಂಡು ಸ್ನಾನಕ್ಕೆ ಹೋದಳು. ಆ ಒಂದು ಮಾತು ನನಗೆ ಆಗ ಅರ್ಥವಾಗಲಿಲ್ಲ.

ಇವರು ಕಾರು ನಡೆಸಿದರು, ಎಲ್ಲರೂ ತಿಕೋಟಾಕ್ಕೆ ಹೋದೆವು. ರಸ್ತೆಯ ಎರಡೂ ಕಡೆ ಬಿಳಿಜೋಳ ತೆನೆ ಬಿಟ್ಟಿತ್ತು, ದ್ರಾಕ್ಷಿ ಪಡಗಳಲ್ಲಿ ಗೊನೆಗಳು ಇನ್ನೂ ಹಸಿರು, ಹುಳಿ. ಬುಟ್ಟಿ ಹೊತ್ತ ಹೆಂಗಸರು, ಟ್ರ್ಯಾಕ್ಟರಿನ ತುಂಬ ಮಕ್ಕಳು. ಗೌರಿ ನನ್ನ ತೊಡೆಯ ಮೇಲೆ ಕೂತು ಕಂಡದ್ದಕ್ಕೆಲ್ಲ ಇಂಗ್ಲಿಷ್ ಹೆಸರು ಕೇಳುತ್ತಿದ್ದಳು. ಕುಸುಬೆಗೆ ಏನಂತಾರೆ ಎಂದಾಗ ನಾನೂ ತಡವರಿಸಿದೆ.

ಹೊಲದಲ್ಲಿ ಮಾಮಾ ಮುಂಚೆಯೇ ಬಂದಿದ್ದರು. ಬನ್ನಿ ಮರದ ಕೆಳಗೆ ಕಲ್ಲುಗಳಿಗೆ ಸುಣ್ಣ ಹಚ್ಚಿ, ಕುಂಕುಮ ಇಟ್ಟು ಪೂಜೆ ಮಾಡಿದರು. ಮಾಮಾನ ತಾಯಿ, ನಾವೆಲ್ಲ ಆಯಿ ಎನ್ನುವವರು, ಸೆರಗು ಹೊದ್ದು ಕೋಲೂರಿ ನಿಂತು ಎಲ್ಲವನ್ನೂ ಸರಿಯಾಗಿ ಮಾಡಿಸುತ್ತಿದ್ದರು. ಚರಗ ಚೆಲ್ಲಿ ಬಂದಮೇಲೆ ಮಾಮಾ ಫೋನನ್ನು ಅಡ್ಡ ಹಿಡಿದು ವಿಡಿಯೋ ಶುರು ಮಾಡಿದರು. ಬಳಗದವರಿಗೆ ಕಳಿಸಲಿಕ್ಕೆ.

ಮೊದಲು ತಾವೇ ಮಾತಾಡಿದರು. ದೂರದೇಶದಲ್ಲಿ ನಮ್ಮ ಬಳಗ ಹೇಗೆ ಒಬ್ಬರಿಗೊಬ್ಬರು ಆಸರೆ, ವೀಸಾದ ಮೇಲೆ ಬಂದ ಮಕ್ಕಳನ್ನು ನಾವು ಎಂದೂ ಆಳು ಎಂದು ನೋಡಿಲ್ಲ, ಹೊಟ್ಟೆಯ ಮಕ್ಕಳ ಹಾಗೆ ನೋಡಿದ್ದೇವೆ. ಮಾತು ಚೆನ್ನಾಗಿತ್ತು. ಸಣ್ಣವರಿದ್ದಾಗ ಮಾಮಾ ಸಾಲಿಯ ಭಾಷಣಕ್ಕೆ ಬಹುಮಾನ ತಂದವರು.

"ರತ್ನಾ, ನೀನೂ ನಾಕ ಮಾತ ಹೇಳು," ಎಂದಳು ಅಕ್ಕ. "ಊರಿಗೆ ಬಂದೀನಿ, ಮಗಳ ಜೋಡಿ ಇದ್ದೀನಿ, ಭಾಳ ಸಂತೋಷ ಅದ, ಎಲ್ಲಾರೂ ಛಲೋ ನೋಡ್ಕೊಂಡ್ರಿ. ಅಷ್ಟ ಹೇಳು ಸಾಕು."

ರತ್ನಾ ಅಷ್ಟನ್ನೇ ಹೇಳಿದಳು. ಸಂತೋಷ ಎನ್ನುವಾಗ ನಿಜಕ್ಕೂ ಸಂತೋಷವಾಗಿ ಹೇಳಿದಳು. ಗೌರಿಯ ತಲೆಯ ಮೇಲೆ ಕೈಯಿಟ್ಟುಕೊಂಡು ಹೇಳಿದಳು.

"ಪುಟ್ಟಿ, ನೀ ಇಂಗ್ಲಿಷ್ ಕಲ್ತೀ ಅಂತಲ್ಲ?" ಅಕ್ಕ ಕೆಳಗೆ ಬಾಗಿ ಕೇಳಿದಳು. "ಅವ್ವನ ಊರಿಗೆ ಬಂದು ಏನ್ ಮಾಡ್ತಿ? ಇಂಗ್ಲಿಷಿನಾಗ ಹೇಳು ನೋಡೋಣ."

ಗೌರಿ ಕೈಕಟ್ಟಿ, ಕಾಲು ಜೋಡಿಸಿ, ನಾನು ಕಲಿಸಿದ ಹಾಗೆಯೇ ನಿಂತಳು. "ಐ ವಿಲ್ ಗೋ ಟು ಸ್ಕೂಲ್. ಐ ವಿಲ್ ಸೀ ಸ್ನೋ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದಳು. ಅವಳ ಉಗುರಿಗೆ ಹಚ್ಚಿದ ಬಣ್ಣ ತಿಳಿಗುಲಾಬಿ, ಒಂದು ಬೆರಳಲ್ಲಿ ಮಾತ್ರ ಸ್ವಲ್ಪ ಚಕ್ಕೆ ಎದ್ದಿತ್ತು. ನನಗೆ ಇಂಥವೇ ನೆನಪಿರುತ್ತವೆ.

ಮಾಮಾ ಅಲ್ಲೇ ನಿಂತು ವಿಡಿಯೋ ಕಳಿಸಿಬಿಟ್ಟರು. ಆಮೇಲೆ ರತ್ನಾಳನ್ನು ಮಣೆಯ ಮೇಲೆ ಕೂರಿಸಿದರು. ಹಸಿರು ಇಳಕಲ್ ಸೀರೆ ಕೊಟ್ಟರು. ತಲೆಯ ಮೇಲೆ ಸೆರಗು ಹೊದಿಸಿ, ಅದರ ತುದಿಯನ್ನು ಎರಡೂ ಕೈಯಲ್ಲಿ ಜೋಳಿಗೆ ಹಿಡಿಸಿ, ಆಯಿ ಅದರಲ್ಲಿ ಐದು ಸಲ ಬೊಗಸೆ ಅಕ್ಕಿ ಹಾಕಿದರು. ತೆಂಗಿನಕಾಯಿ, ಉತ್ತತ್ತಿ, ಅರಿಶಿನ ಕೊಂಬು, ಎಲೆ ಅಡಿಕೆ, ಕುಬಸದ ಖಣ. ಹೆಣ್ಣುಮಗಳನ್ನು ತವರಿನಿಂದ ಗಂಡನ ಮನೆಗೆ ಕಳಿಸುವಾಗ ತುಂಬುವ ಹಾಗೆ, ಕೈ ಬಿಗಿಹಿಡಿಯದೆ ತುಂಬಿದರು. "ನಡುವ ಎಲ್ಲೂ ನೆಲಕ್ಕ ಇಡಬ್ಯಾಡವಾ. ನಿಮ್ಮ ಮನಿ ದೇವರ ಮುಂದನ ಇಳಸು," ಎಂದರು ಆಯಿ. ರತ್ನಾಳ ಕಣ್ಣು ತುಂಬಿದ್ದವು. ಆಕೆಗೆ ತವರು ಎಂದರೆ ಕುಡುಕ ಅಣ್ಣನ ಮನೆ. ಯಾರೂ ಹಾಗೆ ಉಡಿ ತುಂಬಿದವರಿರಲಿಲ್ಲ.

ಉಡಿ ಹಿಡಿದು ಏಳುತ್ತಿರುವಾಗಲೇ ಆಕೆಯ ಫೋನ್ ರಿಂಗಾಯಿತು. ಅದು ಸೊಂಟದ ಸಣ್ಣ ಚೀಲದಲ್ಲಿತ್ತು, ಆಕೆಯ ಎರಡೂ ಕೈ ಸೆರಗಿನಲ್ಲಿದ್ದವು. "ಲಿಸ್ಸಿ ಇರಬೇಕ್ರಿ, ಹಬ್ಬಕ್ಕ ಮಾಡ್ಯಾಳ. ವೈನಿ, ಸ್ವಲ್ಪ ಹಿಡೀರಿ," ಎಂದಳು. ನಾನು ಫೋನ್ ತೆಗೆದು ಆಕೆಯ ಕಿವಿಗೆ ಹಿಡಿದೆ. ಒಳಗಿನ ದನಿ ಜೋರಾಗಿತ್ತು, ನನಗೂ ಪೂರ್ತಿ ಕೇಳಿಸಿತು. ಲಿಸ್ಸಿ ಇಂಗ್ಲಿಷಿನಲ್ಲಿ ಅಳುತ್ತ ಮಾತಾಡುತ್ತಿದ್ದಳು.

ನಿನ್ನ ಹಾಸಿಗೆ ಬಿಚ್ಚಿಬಿಟ್ಟರು ರತ್ನಾ. ನಿನ್ನ ಬಟ್ಟೆ ಎಲ್ಲ ಕಸದ ಕರಿ ಚೀಲದಲ್ಲಿ ತುಂಬಿ ಓಣಿಯಲ್ಲಿಟ್ಟಿದ್ದರು, ನಾನು ತಂದು ನನ್ನ ಮಂಚದ ಕೆಳಗೆ ಇಟ್ಟುಕೊಂಡಿದ್ದೇನೆ. ನೀನು ಮಗಳ ಹತ್ತಿರ ಇರುತ್ತೇನೆಂದು ಕೆಲಸ ಬಿಟ್ಟೆಯಂತೆ. ಈಗ ತಾನೇ ನಿನ್ನ ವಿಡಿಯೋ ತೋರಿಸಿದರು. ನಿನ್ನ ಡ್ಯೂಟಿಗೆಲ್ಲ ನನ್ನ ಹೆಸರು ಹಾಕಿದ್ದಾರೆ. ನಾನು ಹೂಂ ಅಂದೆ. ನಾವೆಲ್ಲರೂ ಸುಮ್ಮನಿದ್ದೆವು. ನನ್ನನ್ನು ಕ್ಷಮಿಸು.

ರತ್ನಾ, "ನಿನ್ನ ಸೊಂಟ ಹೆಂಗೈತಿ?" ಎಂದು ಕನ್ನಡದಲ್ಲೇ ಕೇಳಿದಳು. ಆ ಹುಡುಗಿಗೆ ಅದು ತಿಳಿಯಿತೋ ಇಲ್ಲವೋ, ಫೋನ್ ಕಟ್ಟಾಯಿತು.

ಮರದ ಕೆಳಗೆ ಅಕ್ಕ ಎಲೆಗಳಿಗೆ ಭಜ್ಜಿ ಪಲ್ಯ ಬಡಿಸುತ್ತಿದ್ದಳು. ರತ್ನಾ ಉಡಿ ಹಿಡಿದೇ ನಡೆದು ಹೋಗಿ ಅವಳ ಮುಂದೆ ನಿಂತಳು.

"ಅಕ್ಕಾರ, ಲಿಸ್ಸಿ ಹೇಳೂದು ಖರೇ ಏನ್ರಿ?"

ಅಕ್ಕ ಬಡಿಸುವ ಚಮಚ ನಿಲ್ಲಿಸಲಿಲ್ಲ. "ಮೊದಲ ಉಣ್ಣು. ಆಮ್ಯಾಲೆ ಮಾತಾಡೋಣ."

"ಇನ್ನೊಂದು ಥಂಡಿ ಇತ್ರಿ ಅಕ್ಕಾರ. ಒಂದ ಒಂದು."

ಮಾಮಾ ಎದ್ದು ಬಂದರು. ದನಿ ತಗ್ಗಿಸಿ, ಮುದುಕರ ಜೊತೆ ಮಾತಾಡುವ ಆ ನಯದಲ್ಲಿ ಹೇಳಿದರು. "ನೋಡವಾ ರತ್ನಾ, ಮಗಳು ಬೆಳಿಯಾಕತ್ತಾಳ. ತಾಯಿ ಹತ್ತಿರ ಇರಬೇಕಾದ ವಯಸ್ಸು. ನಾವು ಬಳಗದವರೆಲ್ಲ ಕೂತು ವಿಚಾರ ಮಾಡೇವಿ. ನಿನ್ನ ಒಳ್ಳೇದಕ್ಕನ."

"ಮಗಳನ್ನ ಕರ್ಕೊಂಡ ಹೋಗಾಕನ ಇಷ್ಟ ವರ್ಷ ದುಡದೀನ್ರಿ. ನಿಮಗ ನಾ ಬ್ಯಾಡಾದ್ರ ಬ್ಯಾಡ. ಬಳಗದಾಗ ಬ್ಯಾರೆ ಯಾರದರ ಮನ್ಯಾಗ ಹಚ್ಚಿಕೊಡ್ರಿ. ಎಲ್ಲಾರ ಮನ್ಯಾಗೂ ರೊಟ್ಟಿ ಮಾಡೀನಿ, ಎಲ್ಲಾರಿಗೂ ಗೊತ್ತೈತಿ ನಾ ಎಂಥಾಕಿ."

"ಅದ ಆಗೂದಿಲ್ಲವಾ," ಎಂದರು ಮಾಮಾ, ಇನ್ನೂ ಅದೇ ನಯದಲ್ಲಿ. "ಬಳಗ ಅಂದ್ರ ಒಂದ ಮಾತು. ಒಬ್ಬರು ಬಿಟ್ಟವರನ್ನ ಇನ್ನೊಬ್ಬರು ತಗೊಳ್ಳೂದಿಲ್ಲ. ಹಂಗಿದ್ರನ ಪರದೇಶದಾಗ ನಾವು ಉಳಿಯೂದು."

ಗಾಳಿಗೆ ಜೋಳದ ಗರಿಗಳು ಒಂದಕ್ಕೊಂದು ಉಜ್ಜುವ ಸದ್ದು. ರತ್ನಾ ತುಂಬಿದ ಸೆರಗನ್ನು ಆಯಿಯ ಕಡೆ ಚಾಚಿದಳು.

"ಆಯಿ, ಇದನ್ನ ತಿರುಗಿ ತಗೋರಿ. ನನಗ ಗೊತ್ತಿದ್ದಿಲ್ಲ ಯಾತಕ್ಕ ತುಂಬಾಕತ್ತೀರಿ ಅಂತ. ಗೊತ್ತಿದ್ರ ಒಡ್ಡತಿದ್ದಿಲ್ಲ."

ಆಯಿ ಕೋಲು ಎತ್ತಿ ಎರಡು ಹೆಜ್ಜೆ ಹಿಂದೆ ಸರಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನಿಜವಾದ ಹೆದರಿಕೆ ಇತ್ತು. "ಅಯ್ಯ ಅಯ್ಯ, ತುಂಬಿದ ಉಡಿ ಮರಳಸ್ತಾರೇನ! ಅಮಾಸಿ ದಿನ! ಕೊಟ್ಟವರಿಗೆ ಏನರ ಆಗ್ಲಿ, ನಿನ್ನ ಕೂಸು ಅಲ್ಲೇ ನಿಂತೈತಿ ನೋಡು. ಹೆಣ್ಣ ಕೂಸದು. ಅದರ ಮ್ಯಾಲೆ ಬರ್ತೈತಿ, ತಂಗಿ."

ಗೌರಿ ನನ್ನ ಪಕ್ಕದಲ್ಲಿ ನಿಂತು ಕಡಲೆ ಗಿಡದ ಸುಲಗಾಯಿ ಬಿಡಿಸಿ ತಿನ್ನುತ್ತಿದ್ದಳು. ರತ್ನಾ ಆಕೆಯನ್ನು ನೋಡಿದಳು. ಚಾಚಿದ ಕೈಗಳು ಹಿಂದಕ್ಕೆ ಬಂದವು. ಸೆರಗು ಮತ್ತೆ ಹೊಟ್ಟೆಗೆ ಒತ್ತಿಕೊಂಡಿತು. ಎರಡು ಕಾಳು ಅಕ್ಕಿ ಕೆಳಗೆ ಬಿದ್ದವು, ಅವನ್ನೂ ಬಾಗಿ ಆರಿಸಿಕೊಳ್ಳಲು ನೋಡಿದಳು, ಕೈ ಬಿಡುವಿರಲಿಲ್ಲ. ನಾನು ಆರಿಸಿ ಆಕೆಯ ಉಡಿಗೆ ಹಾಕಿದೆ.

"ಉಡಿ ಹಿಡಕೊಂಡು ಕಣ್ಣಾಗ ನೀರ ತರಬಾರದು," ಎಂದಳು ಅಕ್ಕ. ಮೆತ್ತಗೇ ಹೇಳಿದಳು.

ಎಲ್ಲರೂ ಉಂಡರು. ರತ್ನಾ ಬಡಿದ ರೊಟ್ಟಿ ಬಾಯಲ್ಲಿ ಇಟ್ಟರೆ ಪುಡಿಯಾಗುತ್ತಿತ್ತು. ಉಡಿ ಇಳಿಸುವಂತಿಲ್ಲವಾದ್ದರಿಂದ ಆಕೆ ಉಣ್ಣಲಿಲ್ಲ, ಮರಕ್ಕೆ ಬೆನ್ನು ಕೊಟ್ಟು ಕೂತಳು. ಗೌರಿ ತನ್ನ ಎಲೆಯಿಂದ ಒಂದು ತುಣುಕು ಹೋಳಿಗೆ ಒಯ್ದು ತಾಯಿಯ ಬಾಯಿಗೆ ಹಿಡಿದಳು.

ನೀರಿನ ಟ್ಯಾಂಕಿನ ಹತ್ತಿರ ಪಾತ್ರೆ ತೊಳೆಯುವಾಗ ನಾನು ಅಕ್ಕನನ್ನು ಕೇಳಿದೆ. "ಅಕ್ಕಾ, ಮೊದಲ ಹೇಳಿ ಕರ್ಕೊಂಡ ಬರಬೇಕಿತ್ತಲ್ಲ?"

"ಹೇಳಿದ್ರ ವಿಮಾನ ಹತ್ತತಿದ್ಲೇನ?" ಅಕ್ಕ ಬುಟ್ಟಿ ಒರೆಸುತ್ತಿದ್ದಳು. "ಅಲ್ಲಿದ್ದಾಗ ಬಿಟ್ಟಿದ್ರ ಬ್ಯಾರೆ ಕೆಲಸ ಹುಡಕಾಕ ಆಕಿಗೆ ಟೈಮ್ ಕೊಡಬೇಕು. ಕಾನೂನು. ಆ ಟೈಮಿನಾಗ ಉಳದ ಹುಡಿಗ್ಯಾರನ್ನೂ ಮೆಟ್ಟಲ ಮ್ಯಾಲೆ ಕೂಡಸ್ತಿದ್ಲು. ಇಲ್ಲಿ ಬಂದಮ್ಯಾಲೆ ಬಿಟ್ರ ಗದ್ದಲಿಲ್ಲ."

"ಆದ್ರೂ…"

"ಏನ್ ಆದ್ರೂ? ನಾ ಹೋದಾಗ ಯಾರು ನನಗ ಉಡಿ ತುಂಬಿದ್ರು ಸುಮಾ? ಆರು ವರ್ಷ ಒಬ್ಬಾಕಿ ಮನ್ಯಾಗ ಹೊಲಸು ತೊಳದೀನಿ. ಆಕೀನೂ ನಮ್ಮ ಕಡ್ಯಾಕಿನ. ಜ್ವರ ಬಂದ್ರ ಹೊರಗ ನಿಂದ್ರಸ್ತಿದ್ಲು. ನಾ ಕೂತೆನೇನ ಮೆಟ್ಟಲ ಮ್ಯಾಲೆ? ಹೇಳ್, ಕೂತೆನೇನ?" ಅವಳ ದನಿ ಒಡೆಯಿತು. ತಕ್ಷಣ ಸರಿ ಮಾಡಿಕೊಂಡಳು. "ನಾ ಆಕಿಗೆ ಸೀರಿ ಕೊಟ್ಟು, ಕಾಯಿ ಕೊಟ್ಟು, ಛಂದಂಗ ಕಳಿಸೀನಿ. ಇಷ್ಟು ಯಾರೂ ಮಾಡೂದಿಲ್ಲ."

ಅವಳು ಅದನ್ನು ನಂಬಿದ್ದಳು. ನನಗೆ ಎಲ್ಲಕ್ಕಿಂತ ಚಳಿ ಹತ್ತಿದ್ದು ಅಲ್ಲಿ.

ಇಳಿಹೊತ್ತಿಗೆ ವಿಜಯಪುರಕ್ಕೆ ಬಂದೆವು. ಅಕ್ಕ ಮಾಮಾ ಹೊಲದಲ್ಲೇ ಉಳಿದರು. ಬಬಲೇಶ್ವರದ ಕಡೆಗೆ ಬಿಟ್ಟುಬರುತ್ತೇವೆ ಎಂದು ಇವರು ಎಷ್ಟು ಹೇಳಿದರೂ ರತ್ನಾ ಒಪ್ಪಲಿಲ್ಲ, ಬಸ್ ಸ್ಟ್ಯಾಂಡಿನಲ್ಲೇ ಇಳಿದಳು. ಹಬ್ಬದ ಬಸ್ಸು, ಕಾಲಿಡಲು ಜಾಗವಿಲ್ಲ. ಎರಡೂ ಕೈಯಲ್ಲಿ ಉಡಿ ಇದ್ದವಳು ಕಂಬಿ ಹಿಡಿಯುವುದೆಲ್ಲಿ? ನಾನೇ ಆಕೆಯ ಸೊಂಟ ಹಿಡಿದು ಮೆಟ್ಟಿಲು ಹತ್ತಿಸಿದೆ. ಒಳಗೆ ಒಬ್ಬ ಮುದುಕಿ ಎದ್ದು ಜಾಗ ಬಿಟ್ಟಳು. "ಕುಂಡ್ರವಾ, ಎಷ್ಟ ತುಂಬ್ಯಾರ ಉಡಿ! ಪುಣ್ಯವಂತಿ ನೀ."

ರತ್ನಾ ಕಿಟಕಿಯಿಂದ ನನ್ನನ್ನು ನೋಡಿದಳು. "ವೈನಿ, ಐತವಾರ ಗೌರೀನ ಕಳಸ್ಲ್ಯಾ, ಬ್ಯಾಡೋ?"

"ಕಳಸು," ಎಂದೆ. ಬಸ್ಸು ಹಿಂದಕ್ಕೆ ಸರಿದು ತಿರುಗಿತು. ಗೌರಿ ತಾಯಿಯ ಭುಜದ ಮೇಲಿಂದ ಕೈಬೀಸಿ, ಬೆಳಿಗ್ಗೆ ಚಪ್ಪಾಳೆ ಗಿಟ್ಟಿಸಿದ ಆ ಮಾತನ್ನೇ ಇನ್ನೊಮ್ಮೆ ಜೋರಾಗಿ ಕೂಗಿದಳು. ನಾನು ಚಪ್ಪಾಳೆ ತಟ್ಟಲಿಲ್ಲ ಎಂದು ಆಕೆಯ ಮುಖ ಸಣ್ಣದಾಯಿತು.

ಆಕೆಯ ಅಜ್ಜಿ ಆ ಭಾನುವಾರ ಬರಲಿಲ್ಲ, ಮುಂದಿನದಕ್ಕೂ ಬರಲಿಲ್ಲ. ಅದೆಲ್ಲ ಆಮೇಲಿನ ಮಾತು. ಅಂದು ಸಂಜೆ ಮನೆಗೆ ಬಂದು ಗೇಟು ತೆಗೆಯುತ್ತಿದ್ದಾಗ ಸುಶೀಲಾಬಾಯಿ ಅರಕೇರಿಯಿಂದ ಆಗಲೇ ಬಂದಿದ್ದರು. ಬೆಳಿಗ್ಗೆ ಎಳ್ಳು ಒಯ್ದ ಬಟ್ಟಲನ್ನು ಬರಿದಾಗಿ ಕೊಡಬಾರದೆಂದು ಅದರಲ್ಲಿ ನಾಲ್ಕು ಸಜ್ಜೆ ಕಡುಬು ಇಟ್ಟು ಗೋಡೆಯ ಮೇಲಿಂದ ಚಾಚಿದರು.

"ಛಲೋ ಆತು ಸಿಕ್ಕಿ ಸುಮಾ, ಇಲ್ಲಾಂದ್ರ ಮರೀತಿದ್ದೆ. ನಿನ್ನೆ ಮಾಳಿಗಿ ಮ್ಯಾಲೆ ನಿಮ್ಮಕ್ಕ ನನಗ ಕೇಳಿದ್ರಲ್ಲ, ಇನ್ನೊಂದು ಹುಡುಗಿ ಬೇಕಾಗ್ಯದ ಅಂತ? ನಮ್ಮ ತಂಗಿ ಮಗಳು ನರ್ಸಿಂಗ್ ಮುಗಿಸಿ ಮನ್ಯಾಗ ಕೂತಾಳ, ಹೇಳಿ ಬಂದೀನಿ. ಮಾತು ಕಡಿಮಿ. ರೊಟ್ಟಿ ಅಂತೂ ತೆಳ್ಳಗ ಹಾಳಿ ಗತೆ ಬಡಿತಾಳ, ಅಷ್ಟ ಹೇಳವಾ ನಿಮ್ಮಕ್ಕಗ."